ಬೆಳಗಾವಿಯಿಂದ ನೇತ್ರಾಣಿಗೆ: ಸ್ಕೂಬಾ ಡೈವಿಂಗ್‌ನಲ್ಲಿ ಕ್ಯಾಮೆರಾ, ಲೈಟು ಸಂಭಾಳಿಸೋದು ಹೇಗೆ

ನನ್ನ ಮೊದಲ ಕ್ಯಾಮೆರಾ ಹಾಳಾಗಿದ್ದು ಅವ್ವನ ಹಳೆ ಇಳಕಲ್ ಸೀರೆಯ ಒಂದೇ ಒಂದು ಎಳೆಯಿಂದ. ಊರು ಬಿಡೋ ಹಿಂದಿನ ರಾತ್ರಿ ಹೌಸಿಂಗ್ (ನೀರು ತಾಗದಂತೆ ಕ್ಯಾಮೆರಾ ಇಡೋ ಪೆಟ್ಟಿಗೆ) ಒರೆಸೋಕೆ ಮೆತ್ತನೆ ಬಟ್ಟೆ ಬೇಕಿತ್ತು. ಅವ್ವ ಸೀರೆಯ ತುಂಡು ಕೊಟ್ಟಳು, ನಾನು ತಿಕ್ಕಿ ತಿಕ್ಕಿ ಒರೆಸಿ, ಕ್ಯಾಮೆರಾ ಒಳಗಿಟ್ಟು, ಕ್ಲಿಪ್ ಹಾಕಿ ನಿಶ್ಚಿಂತೆಯಿಂದ ಮಲಗಿದೆ. ಎರಡನೇ ದಿನ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಎರಡು ಮೀಟರ್ ಇಳಿಯೋದರೊಳಗೆ ಗಾಜಿನ ಹಿಂದೆ ನೀರು ಕುಣಿಯುತ್ತಿತ್ತು. ಮೇಲೆ ಬಂದು ತೆಗೆದು ನೋಡಿದರೆ ಓ-ರಿಂಗ್ (ಮುಚ್ಚಳದ ಸಂದಿಯಲ್ಲಿ ನೀರು ತಡೆಯೋ ರಬ್ಬರ್ ಬಳೆ) ಮೇಲೆ ಅಡ್ಡ ಮಲಗಿದ ಕೆಂಪು ದಾರ. ಅರ್ಧ ಇಂಚೂ ಇರಲಿಲ್ಲ. ಮನೆಗೆ ಬಂದು ಗೊಣಗಿದೆ. "ಸೀರಿ ಕೊಟ್ಟಾಕಿನೂ ನಾನಾ, ಬೈಸ್ಕೊಳ್ಳಾಕಿನೂ ನಾನಾ?" ಅಂದಳು ಅವ್ವ. ಅವಳು ಹೇಳಿದ್ದು ಸರಿನೇ. ತಪ್ಪು ನನ್ನದು.

ಅಂದಿನಿಂದ ಕಲಿತಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಸಮುದ್ರ ಮನೆ ಮುಂದೆ ಇಲ್ಲ. ನಾವು ತಾಸುಗಟ್ಟಲೆ ಗಾಡಿ ಓಡಿಸಿಕೊಂಡು ಮುರ್ಡೇಶ್ವರಕ್ಕೆ ಹೋಗಬೇಕು, ಇಲ್ಲ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ, ಇಲ್ಲ ಮಾಲವಣ-ತಾರ್ಕರ್ಲಿಗೆ. ವರ್ಷಕ್ಕೆ ನಾಲ್ಕು ಡೈವ್ ಸಿಕ್ಕರೆ ದೊಡ್ಡದು. ಅದರಲ್ಲಿ ಒಂದು ಕ್ಯಾಮೆರಾ ಗಲಾಟೆಯಲ್ಲೇ ಹೋದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಮೊದಲು ಒಂದು ಕಟು ಮಾತು

ಮೊದಲ ಸಲ ಡೈವ್ ಮಾಡುತ್ತಿದ್ದೀರಾ? ಇನ್‌ಸ್ಟ್ರಕ್ಟರ್ ಕೈಹಿಡಿದು ಕರೆದುಕೊಂಡು ಹೋಗುವ ಡೈವ್ ಅದಾಗಿದ್ದರೆ ಕ್ಯಾಮೆರಾ ಮನೆಯಲ್ಲೇ ಬಿಡಿ. ಹೇಗೂ ವಿಡಿಯೋ ತೆಗೆದುಕೊಡುವವರು ಅಲ್ಲಿ ಇರುತ್ತಾರೆ. ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್‌ವರೆಗೆ ಇಳಿಯೋಕೆ ಅವಕಾಶ ಇರುತ್ತದೆ. ಹಾಗಂತ ಕೋರ್ಸ್ ಮುಗಿದ ಮರುದಿನವೇ ಎರಡು ಲೈಟು, ಟ್ರೇ (ಕ್ಯಾಮೆರಾ ಕೂರಿಸೋ, ಹಿಡಿಕೆ ಇರೋ ಪಟ್ಟಿ), ಆರ್ಮ್ (ಲೈಟ್ ಸಿಕ್ಕಿಸೋ ಕೋಲು) ಎಲ್ಲ ಕಟ್ಟಿಕೊಂಡು ಇಳಿಯಬೇಡಿ. ಕೈ ಆಡಿಸದೆ, ಫಿನ್ (ಕಾಲಿಗೆ ಹಾಕೋ ರೆಕ್ಕೆ) ಒದೆಯದೆ, ನೀರಿನ ಮಧ್ಯೆ ಇದ್ದಲ್ಲೇ ಒಂದು ನಿಮಿಷ ತೇಲಿಕೊಂಡು ನಿಲ್ಲೋಕೆ ಬರುತ್ತಾ? ಬಂದರೆ ಕ್ಯಾಮೆರಾ ಹಿಡಿಯಿರಿ. ಬರದಿದ್ದರೆ ಕ್ಯಾಮೆರಾ ಹಿಡಿದ ಕೈ ಹವಳದ ಮೇಲೆ ಊರುತ್ತದೆ, ಹವಳ ಮುರಿಯುತ್ತದೆ, ನಿಮ್ಮ ಕೈಯೂ ಕೊಯ್ಯುತ್ತದೆ.

ಇನ್ನೊಂದು ಮಾತು. ಫೋಟೋ ಅಲುಗಾಡದೆ ಬರಲಿ ಅಂತ ಉಸಿರು ಬಿಗಿಹಿಡಿಯೋ ಅಭ್ಯಾಸ ನೆಲದ ಮೇಲೆ ಎಲ್ಲರಿಗೂ ಇರುತ್ತದೆ. ನೀರೊಳಗೆ ಅದನ್ನು ಯಾವತ್ತೂ ಮಾಡಬೇಡಿ. ಉಸಿರು ಹಿಡಿದು ಒಂದೆರಡು ಮೀಟರ್ ಮೇಲೆ ತೇಲಿದರೂ ಪುಪ್ಪುಸಕ್ಕೆ ಅಪಾಯ. ನಿಧಾನವಾಗಿ ಉಸಿರಾಡುತ್ತಾ ತೆಗೆಯಿರಿ, ಸ್ವಲ್ಪ ಅಲುಗಿದರೆ ಅಲುಗಲಿ.

ಯಾವ ಕ್ಯಾಮೆರಾ, ಯಾವ ಲೈಟು

ನಮ್ಮಂಥವರಿಗೆ ಗೋಪ್ರೋ ಥರದ ಆ್ಯಕ್ಷನ್ ಕ್ಯಾಮೆರಾ ಸಾಕು. ಈಚಿನ ಗೋಪ್ರೋ ಹೀರೋ ಬ್ಲ್ಯಾಕ್‌ಗಳು ಹೌಸಿಂಗ್ ಇಲ್ಲದೆ 10 ಮೀಟರ್‌ವರೆಗೆ ಓಕೆ ಅಂತ ಕಂಪನಿ ಹೇಳುತ್ತದೆ, ಡೈವ್ ಹೌಸಿಂಗ್ ಹಾಕಿದರೆ 60 ಮೀಟರ್. ನಾನು 8 ಮೀಟರ್ ಡೈವ್‌ಗೂ ಹೌಸಿಂಗ್ ಹಾಕೇ ಹಾಕುತ್ತೇನೆ. ಬ್ಯಾಟರಿ ಬಾಗಿಲು ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನೋ ಚಿಂತೆ ನೀರೊಳಗೆ ಬೇಡ. ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತಾ ಹೋಗುತ್ತದೆ, ನಾವು ಯಾವಾಗ 10 ದಾಟಿ 12ಕ್ಕೆ ಇಳಿದೆವು ಅನ್ನೋದು ಮೀನಿನ ಹಿಂದೆ ಹೋಗುವಾಗ ಗೊತ್ತೇ ಆಗುವುದಿಲ್ಲ.

ಲೈಟು ಯಾಕೆ ಬೇಕು? ನೀರು ಬಣ್ಣ ನುಂಗುತ್ತದೆ. ಮೊದಲು ಕೆಂಪು. ಐದಾರು ಮೀಟರ್‌ನಲ್ಲೇ ಕೆಂಪು ಮಂಕಾಗುತ್ತದೆ, 15 ಮೀಟರ್‌ನಲ್ಲಿ ಅದೇ ಇಳಕಲ್ ಸೀರೆಯ ಕೆಂಪು ಸೆರಗು ಹಿಡಿದರೂ ಕಂದು-ಕಪ್ಪು ಕಾಣುತ್ತದೆ. ಆಮೇಲೆ ಕಿತ್ತಳೆ, ಹಳದಿ. ಕೊನೆಗೆ ಉಳಿಯೋದು ನೀಲಿ, ಹಸಿರು. ಲೈಟು ಹಾಕಿದ ಕೂಡಲೇ ಬೂದಿ ಬಣ್ಣದ ಬಂಡೆ ಮೇಲೆ ಕೆಂಪು, ಕಿತ್ತಳೆ ಎದ್ದು ಬರುತ್ತದೆ. ಮೊದಲ ಸಲ ನೋಡಿದಾಗ ನಾನು ಬಾಯಲ್ಲಿದ್ದ ರೆಗ್ಯುಲೇಟರ್ (ಉಸಿರಾಡೋ ಸಾಧನ) ಒಳಗೇ "ಅಯ್ಯೋ" ಅಂದಿದ್ದೆ.

ಖರೀದಿ ಮಾಡುವಾಗ ಬೆಳಕಿನ ಅಗಲ ನೋಡಿ. ಬಿಲದೊಳಗೆ ಇಣುಕೋ ಕಿರಿದಾದ ಬೀಮ್‌ನ ಟಾರ್ಚ್ ವಿಡಿಯೋಗೆ ಆಗಿಬರುವುದಿಲ್ಲ, ಮಧ್ಯೆ ಒಂದು ಬಿಳಿ ಬೊಟ್ಟು, ಸುತ್ತ ಕತ್ತಲೆ. 100-120 ಡಿಗ್ರಿ ಹರಡೋ ವಿಡಿಯೋ ಲೈಟ್ ಬೇಕು. ಹತ್ತಿರದ ಶಾಟ್‌ಗೆ 1000 ಲೂಮೆನ್ (ಬೆಳಕಿನ ಅಳತೆ) ನಡೆಯುತ್ತದೆ, ಸ್ವಲ್ಪ ಅಗಲವಾಗಿ ತೆಗೆಯೋಕೆ 2000-3000. ಎಷ್ಟೇ ದೊಡ್ಡದು ತಂದರೂ ಒಂದು ಮೀಟರ್ ಆಚೆ ಅದರ ಕೆಲಸ ಬೇಗ ಕಡಿಮೆಯಾಗುತ್ತದೆ. ಬೆಳಕು ಮೀನಿನ ತನಕ ಹೋಗಿ ವಾಪಸ್ ಲೆನ್ಸ್‌ಗೆ ಬರಬೇಕು, ಎರಡೂ ದಾರಿಯಲ್ಲಿ ನೀರು ಬಣ್ಣ ನುಂಗುತ್ತಲೇ ಇರುತ್ತದೆ. ಹಾಗಾಗಿ ದುಡ್ಡು ಸುರಿಯೋದಕ್ಕಿಂತ ಹತ್ತಿರ ಹೋಗೋದು ಕಲಿಯಿರಿ. ಇನ್ನು ರೆಡ್ ಫಿಲ್ಟರ್, ಅಂದರೆ ಲೆನ್ಸ್ ಮುಂದೆ ಹಾಕೋ ಕೆಂಪು ಬಿಲ್ಲೆ. ಲೈಟ್ ಇಲ್ಲದೆ, ಬಿಸಿಲಿನ ಬೆಳಕಲ್ಲಿ ತೆಗೆಯುವಾಗ ಮಾತ್ರ ಅದು. ಲೈಟೂ ಹಾಕಿ ಫಿಲ್ಟರೂ ಹಾಕಿದರೆ ಮೀನೆಲ್ಲ ಕುಂಕುಮ ಮೆತ್ತಿದ ಹಾಗೆ ಬರುತ್ತವೆ.

ಮನೆಯಲ್ಲಿ ಮಾಡೋ ಕೆಲಸ

ಇದೇ ಮುಖ್ಯ. ನನ್ನ ಲೆಕ್ಕದಲ್ಲಿ ಮುಕ್ಕಾಲು ಕೆಲಸ ಒಣ ನೆಲದ ಮೇಲೆ, ಟೇಬಲ್ ಮುಂದೆ ಆಗಬೇಕು. ನೀರೊಳಗೆ ರಿಪೇರಿ ಅನ್ನೋದೇ ಇಲ್ಲ.

ಓ-ರಿಂಗ್ ತೆಗೆಯೋಕೆ ಸೂಜಿ, ಪಿನ್ನು, ಚಾಕು ಬೇಡ. ಹಳೆ ಎಟಿಎಂ ಕಾರ್ಡಿನ ಮೂಲೆ ಸಾಕು. ಇಲ್ಲ ಎರಡು ಬೆರಳಲ್ಲಿ ಓ-ರಿಂಗ್ ಒತ್ತಿ ಸರಿಸಿದರೆ ಒಂದು ಕಡೆ ಉಬ್ಬಿ ಎದ್ದು ಬರುತ್ತದೆ. ತೆಗೆದ ಮೇಲೆ ಬೆರಳುಗಳ ಮಧ್ಯೆ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಎಳೆಯುತ್ತಾ ಹೋಗಿ. ಕಣ್ಣಿಗೆ ಕಾಣದ ಮರಳು ಕಣ, ಸಣ್ಣ ಕಚ್ಚು ಬೆರಳಿಗೆ ತಾಗುತ್ತದೆ. ನಿಜವಾಗಿಯೂ ಕಣ್ಣು ಮುಚ್ಚಿ, ಆಗ ಗಮನ ಪೂರ್ತಿ ಬೆರಳಿನಲ್ಲಿ ಇರುತ್ತದೆ. ಕಚ್ಚು ಇದ್ದರೆ ಬಿಸಾಕಿ, ಹೊಸದು ಹಾಕಿ. ಓ-ರಿಂಗ್ ಕೂರೋ ಆ ಸಣ್ಣ ಕಾಲುವೆಯನ್ನೂ ಒರೆಸಬೇಕು. ಕನ್ನಡಕ ಒರೆಸೋ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಹತ್ತಿ ಬೇಡ, ಟಿಶ್ಯೂ ಬೇಡ, ಸೀರೆ ಅಂತೂ ಬೇಡವೇ ಬೇಡ.

ಗ್ರೀಸ್ ಹಚ್ಚುವಾಗ ಕೈ ಬಿಗಿ ಇರಲಿ. ಅಕ್ಕಿ ಕಾಳಿನಷ್ಟು ತಗೊಂಡು ಬೆರಳಿಗೆ ಸವರಿ, ಓ-ರಿಂಗ್ ಸುಮ್ನೆ ಮಿನುಗಬೇಕು ಅಷ್ಟೆ, ಮುದ್ದೆ ಕಟ್ಟಬಾರದು. ಹೆಚ್ಚು ಗ್ರೀಸ್ ಅಂದರೆ ಧೂಳಿಗೆ ಆಮಂತ್ರಣ. ಹೌಸಿಂಗ್ ಕಂಪನಿಯವರು ಯಾವ ಗ್ರೀಸ್ ಕೊಟ್ಟಿದ್ದಾರೋ ಅದೇ ಹಚ್ಚಿ, ಯಾಕೆಂದರೆ ತಪ್ಪು ಜೋಡಿ ಸೇರಿದರೆ ಕೆಲವು ರಬ್ಬರ್ ಉಬ್ಬುತ್ತವೆ. ವ್ಯಾಸಲಿನ್, ಕೊಬ್ಬರಿ ಎಣ್ಣೆ ಎರಡೂ ಬೇಡ. ಕುಂದಾ ತಿಂದ ಕೈಯಲ್ಲಂತೂ ಮುಟ್ಟಲೇಬೇಡಿ, ನಗಬೇಡಿ, ನಮ್ಮಲ್ಲಿ ಒಬ್ಬರು ಮಾಡಿದ್ದಾರೆ.

ಆಮೇಲೆ ಬ್ಯಾರಲ್ ಪರೀಕ್ಷೆ. ನಲ್ಲಿ ನೀರು ಬಾರದ ದಿನಕ್ಕೆ ಅಂತ ತುಂಬಿಟ್ಟ ಬ್ಯಾರಲ್ ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುತ್ತದಲ್ಲ, ಅದರಲ್ಲೇ. ಕ್ಯಾಮೆರಾ ಇಲ್ಲದ ಖಾಲಿ ಹೌಸಿಂಗ್ ಒಳಗೆ ಒಣ ಟಿಶ್ಯೂ ಇಟ್ಟು ಮುಚ್ಚಿ, ಅರ್ಧ ತಾಸು ನೀರಲ್ಲಿ ಒತ್ತಿ ಇಡಿ, ಬಟನ್‌ಗಳನ್ನೂ ಒತ್ತಿ ನೋಡಿ. ಟಿಶ್ಯೂ ಒದ್ದೆಯಾಗಿದ್ದರೆ ದೇವರು ಕಾಪಾಡಿದ ಅಂದುಕೊಳ್ಳಿ. ಒಂದು ಮೀಟರ್ ನೀರಲ್ಲಿ ಏನು ಗೊತ್ತಾಗುತ್ತದೆ ಅಂತ ಕೇಳಬಹುದು. ಓ-ರಿಂಗ್ ಸೋರೋದು ಎಷ್ಟೋ ಸಲ ಆಳವಿಲ್ಲದ ಕಡೆಯೇ, ಕೆಳಗೆ ಇಳಿದಂತೆ ಒತ್ತಡವೇ ಮುಚ್ಚಳವನ್ನು ಇನ್ನೂ ಬಿಗಿಯಾಗಿ ಒತ್ತುತ್ತದೆ.

ಅದೇ ಬ್ಯಾರಲ್‌ನಲ್ಲಿ ತೂಕವೂ ನೋಡಿಕೊಳ್ಳಿ. ಲಗೇಜ್ ತೂಗೋ ಕೊಕ್ಕೆ ತಕ್ಕಡಿಗೆ ಇಡೀ ಸೆಟ್, ಅಂದರೆ ಹೌಸಿಂಗ್, ಟ್ರೇ, ಆರ್ಮ್, ಲೈಟು ಎಲ್ಲ ಕಟ್ಟಿ ನೀರಲ್ಲಿ ಮುಳುಗಿಸಿ. 50-100 ಗ್ರಾಂ ತೋರಿಸಿದರೆ ಚೆನ್ನ: ಕೈ ಬಿಟ್ಟರೆ ನಿಧಾನ ಮುಳುಗುತ್ತದೆ, ಕೈಯನ್ನು ಕೆಳಗೆ ಎಳೆಯುವುದಿಲ್ಲ. ಅರ್ಧ ಕಿಲೋ ತೋರಿಸಿದರೆ ಮಣಿಕಟ್ಟು ನೋಯುತ್ತದೆ, ಫ್ಲೋಟ್ ಸೇರಿಸಿ. ಥರ್ಮಾಕೋಲ್ ಕಟ್ಟೋ ಜುಗಾಡ್ ಬೇಡ, ಒತ್ತಡಕ್ಕೆ ಕುಗ್ಗುತ್ತದೆ, ಚೂರು ಚೂರಾಗಿ ಸಮುದ್ರ ಸೇರುತ್ತದೆ. ಲೆಕ್ಕದಲ್ಲಿ ಒಂದು ಸಣ್ಣ ತಿರುವು: ಸಮುದ್ರದ ನೀರು ಲೀಟರಿಗೆ ಸುಮಾರು 25 ಗ್ರಾಂ ಜಾಸ್ತಿ ಭಾರ. ನಿಮ್ಮ ಸೆಟ್ ಎರಡು ಲೀಟರ್ ಜಾಗ ಹಿಡಿಯುತ್ತದೆ ಅಂದರೆ ಬ್ಯಾರಲ್‌ನಲ್ಲಿ ತೋರಿಸಿದ್ದಕ್ಕಿಂತ 50 ಗ್ರಾಂ ಹಗುರ ಆಗುತ್ತದೆ. ಬ್ಯಾರಲ್‌ನಲ್ಲಿ ಮುಳುಗದೆ ತೇಲದೆ ನಿಂತಿದ್ದು ಸಮುದ್ರದಲ್ಲಿ ಮೇಲಕ್ಕೆ ಓಡುತ್ತದೆ, ಕೈ ಬಿಟ್ಟರೆ ಮತ್ತೆ ಸಿಗುವುದಿಲ್ಲ.

ಒಂದು ಭಾನುವಾರ ಈಜುಕೊಳಕ್ಕೆ ಹೋಗಿ, ಅಲ್ಲಿಯವರನ್ನು ಕೇಳಿಕೊಂಡು, ಮಾಸ್ಕ್ ಹಾಕಿ ಅರ್ಧ ತಾಸು ಬಟನ್ ಹುಡುಕೋದು ಅಭ್ಯಾಸ ಮಾಡಿ. ರೆಕಾರ್ಡ್ ಆನ್, ಆಫ್, ಲೈಟ್ ಹೆಚ್ಚು-ಕಡಿಮೆ, ಕ್ಲಿಪ್ ಹಾಕೋದು ತೆಗೆಯೋದು, ಇದೆಲ್ಲ ನೋಡದೆ ಬರಬೇಕು. ನೀರಲ್ಲಿ ವಸ್ತುಗಳು ಇದ್ದದ್ದಕ್ಕಿಂತ ಕಾಲುಭಾಗ ಹತ್ತಿರ ಕಾಣುತ್ತವೆ, ಮೊದಲ ದಿನ ಕ್ಲಿಪ್ ಹಿಡಿಯೋಕೆ ಹೋಗಿ ಬರೀ ನೀರು ಹಿಡಿಯುತ್ತೀರಿ.

ದಾರಿಯಲ್ಲಿ

ಹೌಸಿಂಗ್ ಅನ್ನು ಓ-ರಿಂಗ್ ತೆಗೆದೇ ಒಯ್ಯಿರಿ, ಸೀಲ್ ಮಾಡಿ ಬೇಡ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ 8-9 ಪರ್ಸೆಂಟ್ ಕಡಿಮೆ. ಇಲ್ಲಿ ಬಿಗಿಯಾಗಿ ಮುಚ್ಚಿ ಘಾಟ್ ಇಳಿದರೆ ಅಲ್ಲಿ ತೆಗೆಯೋಕೆ ಕುಸ್ತಿ ಮಾಡಬೇಕು. ಅಲ್ಲಿ ಮುಚ್ಚಿ ಇಲ್ಲಿಗೆ ಬಂದರೆ ಒಳಗಿನ ಗಾಳಿ ಹೊರಕ್ಕೆ ಒತ್ತುತ್ತದೆ. ಟಾರ್ಚ್‌ಗಳ ಬ್ಯಾಟರಿ ಹೊರಗೆ ತೆಗೆದು ಬೇರೆ ಇಡಿ, ಬ್ಯಾಗಿನಲ್ಲಿ ತಾನಾಗೇ ಆನ್ ಆದರೆ ಸುಡುವಷ್ಟು ಬಿಸಿಯಾಗುತ್ತದೆ. ಡೈವ್ ಲೈಟ್ ತಣ್ಣಗಾಗೋದೇ ಸುತ್ತಲಿನ ನೀರಿನಿಂದ. ಸಾಂಬ್ರಾದಿಂದ ವಿಮಾನ ಹತ್ತಿ ಅಂಡಮಾನಿಗೋ ಎಲ್ಲಿಗೋ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಲಗೇಜಿಗೆ ಬಿಡುವುದಿಲ್ಲ. ತುದಿಗಳಿಗೆ ಟೇಪ್ ಹಚ್ಚಿ.

ಮುರ್ಡೇಶ್ವರದ ಲಾಡ್ಜಿನಲ್ಲಿ ರಾತ್ರಿ ಎಸಿ ಹಾಕಿ, ಅರ್ಧ ತಾಸು ಬಿಟ್ಟು, ಆ ಒಣ ಗಾಳಿಯಲ್ಲಿ ಕ್ಯಾಮೆರಾ ಒಳಗಿಟ್ಟು ಮುಚ್ಚಿ. ಕರಾವಳಿಯ ತೇವದ ಗಾಳಿ ಒಳಗೆ ಸಿಕ್ಕಿಕೊಂಡರೆ, ಕ್ಯಾಮೆರಾ ಬಿಸಿಯಾಗಿ ಗಾಜು ನೀರಿಗೆ ತಣ್ಣಗಾದಾಗ ಮಂಜು ಹಿಡಿಯುತ್ತದೆ. ಸಿಲಿಕಾ ಜೆಲ್ ಇಲ್ಲ ಆ್ಯಂಟಿ-ಫಾಗ್ ಪಟ್ಟಿ ಒಳಗೆ ಹಾಕಿ, ಆದರೆ ಅದರ ಅಂಚು ಓ-ರಿಂಗ್‌ಗೆ ತಾಗಬಾರದು.

ದೋಣಿಯಲ್ಲಿ

ನೇತ್ರಾಣಿ ದಂಡೆಯಿಂದ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ತಾಸು ಒಂದೂವರೆ ತಾಸು. ಆ ಹೊತ್ತಿನಲ್ಲಿ ಕ್ಯಾಮೆರಾ ಬಿಸಿಲಿಗೆ ಕಾಯುತ್ತಾ ಬಿದ್ದಿರಬಾರದು, ಒದ್ದೆ ಟವೆಲ್ ಸುತ್ತಿ ನೆರಳಲ್ಲಿ ಇಡಿ. ಸಿಲಿಂಡರ್ ಉರುಳೋ ಜಾಗದಲ್ಲಿ ಇಡಬೇಡಿ.

ಕ್ಯಾಮೆರಾ ಹಿಡಿದು ನೀರಿಗೆ ಹಾರಬೇಡಿ. ನೀರಿಗೆ ಬಡಿದ ಹೊಡೆತಕ್ಕೆ ಕ್ಲಿಪ್ ಬಿಚ್ಚಬಹುದು, ಆರ್ಮ್ ನಿಮ್ಮ ಮೂಗಿಗೇ ಬಡಿಯಬಹುದು. ಮೊದಲು ನೀವು ಇಳಿಯಿರಿ, ಬಿಸಿಡಿಗೆ (ತೇಲಿಸೋ ಜಾಕೆಟ್‌ಗೆ) ಗಾಳಿ ತುಂಬಿ ತೇಲಿ, ಆಮೇಲೆ "ಅಣ್ಣಾ, ಕ್ಯಾಮೆರಾ ಕೊಡಿ" ಅಂತ ದೋಣಿಯವರಿಂದ ಇಸಿದುಕೊಳ್ಳಿ. ಲೈಟ್ ಆರ್ಮ್ ಹಿಡಿದು ಎತ್ತಬೇಡಿ, ಟ್ರೇ ಹಿಡಿಕೆ ಹಿಡಿಯಿರಿ ಅಂತ ಮೊದಲೇ ಹೇಳಿಟ್ಟಿರಿ. ಹತ್ತುವಾಗ ತಿರುಗಾಮುರುಗಾ: ಮೊದಲು ಕ್ಯಾಮೆರಾ ಮೇಲೆ, ಆಮೇಲೆ ನೀವು.

ಕೈಯಿಂದ ಜಾರಿದರೆ ಅಂತ ಒಂದು ಸುರುಳಿ ಲ್ಯಾನ್ಯಾರ್ಡ್ (ಕ್ಯಾಮೆರಾ ಕಟ್ಟಿಕೊಳ್ಳೋ ದಾರ) ಬೇಕು. ಒಂದು ತುದಿ ಟ್ರೇಗೆ, ಇನ್ನೊಂದು ಬಿಸಿಡಿಯ ಎದೆ ಮೇಲಿನ ಡಿ-ರಿಂಗ್ ಬಳೆಗೆ, ಬೋಲ್ಟ್ ಸ್ನ್ಯಾಪ್ ಅನ್ನೋ ಕೊಕ್ಕೆಯಲ್ಲಿ. ಒಂದೇ ಕೈಯಲ್ಲಿ ಬಿಚ್ಚೋಕೆ ಬರಬೇಕು. ಎರಡು ಕೈಯೂ ಬೇಕಾಗೋ ಹೊತ್ತು ಬಂದೇ ಬರುತ್ತದೆ: ಮಾಸ್ಕ್‌ಗೆ ನೀರು ನುಗ್ಗುತ್ತದೆ, ಜೊತೆಗಾರನ ಫಿನ್ ನಿಮ್ಮ ರೆಗ್ಯುಲೇಟರ್‌ಗೆ ಬಡಿಯುತ್ತದೆ. ಆಗ ಕ್ಯಾಮೆರಾ ಬಿಟ್ಟುಬಿಡಿ, ಅದು ಎದೆಗೆ ನೇತಾಡುತ್ತಾ ಇರಲಿ. ಉದ್ದ ಹಗ್ಗ ಕಟ್ಟಬೇಡಿ. ಮೊಣಕಾಲಿನ ಕೆಳಗೆ ನೇತಾಡೋ ಕ್ಯಾಮೆರಾ ಎತ್ತಿನ ಕೊರಳಿಗೆ ಕಟ್ಟಿದ ಮರದ ಕೊರಡಿನ ಥರ, ಹೋದಲ್ಲೆಲ್ಲ ಬಡಿಯುತ್ತಾ ಹೋಗುತ್ತದೆ.

ನೀರೊಳಗೆ

ಲೈಟ್ ಎಲ್ಲಿ ಇಡಬೇಕು ಅನ್ನೋದು ಮಳೆಗಾಲದಲ್ಲಿ ಚೋರ್ಲಾ ಘಾಟ್ ಹತ್ತಿದವರಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಏನಾಗುತ್ತದೆ? ಮುಂದೆ ಬಿಳಿ ಗೋಡೆ. ನೀರಲ್ಲೂ ಸಣ್ಣ ಸಣ್ಣ ಕಣಗಳು ತುಂಬಿರುತ್ತವೆ, ಲೆನ್ಸಿನ ಪಕ್ಕದಲ್ಲೇ ಲೈಟ್ ಇಟ್ಟರೆ ಆ ಕಣಗಳೇ ಹೊಳೆದು, ವಿಡಿಯೋದಲ್ಲಿ ಅಕ್ಷತೆ ಎರಚಿದ ಹಾಗೆ ಕಾಣುತ್ತದೆ. ಎರಡೂ ಲೈಟನ್ನು ಎಡಕ್ಕೆ-ಬಲಕ್ಕೆ ಆದಷ್ಟು ಅಗಲ ಹಿಡಿದು, ಲೆನ್ಸಿಗಿಂತ ಸ್ವಲ್ಪ ಹಿಂದೆ ಎಳೆದು, ಮುಖವನ್ನು ಒಂಚೂರು ಹೊರಕ್ಕೆ ತಿರುಗಿಸಿ. ಬೆಳಕಿನ ಮಧ್ಯಭಾಗ ಅಲ್ಲ, ಅದರ ಅಂಚು ಮೀನಿಗೆ ತಾಗಿದರೆ ಸಾಕು. ಒಂದೇ ಲೈಟ್ ಇದ್ದರೆ ಮೇಲಿನಿಂದ ಓರೆಯಾಗಿ ಬರಲಿ. ಮರಳಿನ ಹತ್ತಿರ ಫಿನ್ ಜೋರಾಗಿ ಒದ್ದರೆ ಮಾತ್ರ ಯಾವ ಕೋನವೂ ಉಳಿಸುವುದಿಲ್ಲ.

ದೂರದಿಂದ ಜೂಮ್ ಮಾಡಬೇಡಿ. ನಿಧಾನವಾಗಿ, ಬದಿಯಿಂದ ಹತ್ತಿರ ಹೋಗಿ, ಮೀನಿನ ಮಟ್ಟಕ್ಕೇ ಇಳಿದು ತೆಗೆಯಿರಿ. ಬೆನ್ನಟ್ಟಿದರೆ ಸಿಗೋದು ಬರೀ ಬಾಲ. ನೇತ್ರಾಣಿಯಲ್ಲಿ ಗಿಳಿಮೀನು, ಟ್ರಿಗರ್‌ಫಿಶ್, ಗ್ರೂಪರ್ ಸುಮ್ನೆ ಒಂದು ಕಡೆ ನಿಂತರೆ ತಾವೇ ಬರುತ್ತವೆ. ಮೊರೇ ಈಲ್ ಬಿಲದಿಂದ ಇಣುಕುತ್ತಿದ್ದರೆ ಲೈಟ್ ಕಡಿಮೆ ಮಾಡಿ, ಹತ್ತು ಸೆಕೆಂಡ್ ತೆಗೆದು ಮುಂದೆ ಹೋಗಿ, ಅದರ ಕಣ್ಣಿಗೆ ಬೆಳಕು ಹಿಡಿದು ಕೂರೋದು ಚೆನ್ನಾಗಿರುವುದಿಲ್ಲ. ಹೆಚ್ಚಿನ ವಿಡಿಯೋ ಲೈಟು ಪೂರ್ತಿ ಬೆಳಕಿನಲ್ಲಿ ಒಂದು ತಾಸಿನ ಆಸುಪಾಸು ಮಾತ್ರ ಬಾಳುತ್ತವೆ, ಎರಡು ಡೈವ್ ಇದ್ದರೆ ಬೇಕಾದಾಗ ಮಾತ್ರ ಹಾಕಿ.

ಗಾಳಿ. ಸ್ಕ್ರೀನ್ ನೋಡುತ್ತಾ ಗೇಜ್ (ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸೋ ಮೀಟರ್) ಮರೆಯೋದು ಕ್ಯಾಮೆರಾದವರ ದೊಡ್ಡ ರೋಗ. ನನ್ನ ನಿಯಮ ಸರಳ: ರೆಕಾರ್ಡ್ ನಿಲ್ಲಿಸಿದ ಪ್ರತಿ ಸಲ ಗೇಜ್ ನೋಡು, ಆಳ ನೋಡು, ಜೊತೆಗಾರ ಎಲ್ಲಿ ನೋಡು, ಆಮೇಲೇ ಮುಂದಿನ ಶಾಟ್. ಸಿಲಿಂಡರಿನ ಒತ್ತಡ 200 ಬಾರ್‌ನಿಂದ ಶುರುವಾದದ್ದು 50 ಆಗೋದರೊಳಗೆ ಮೇಲೆ ಇರಬೇಕು. ಮೇಲೆ ಹೊರಡೋ ಸನ್ನೆ ಬಂದ ಕೂಡಲೇ ಆರ್ಮ್ ಮಡಚಿ, ಕ್ಯಾಮೆರಾ ಎದೆಗೆ ಕ್ಲಿಪ್ ಮಾಡಿ, ಒಂದು ಕೈ ಬಿಸಿಡಿ ಹೋಸ್‌ಗೆ. ಮೇಲೆ ಬರೋ ಮುಂಚೆ ಸುರಕ್ಷತೆಗೆ ಅಂತ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವಾಗ ಸೆಲ್ಫಿ ತೆಗೆಯುತ್ತಾ ಮೇಲೆ ತೇಲಿ ಹೋದವರನ್ನು ನೋಡಿದ್ದೇನೆ.

ನೀರು ನುಗ್ಗಿದರೆ

ಒಳಗೆ ನೀರು ಕಂಡಿತು ಅಂತ ರಾಕೆಟ್ ಥರ ಮೇಲೆ ಓಡಬೇಡಿ. ಕ್ಯಾಮೆರಾ ಹೋದರೆ ಇನ್ನೊಂದು ಬರುತ್ತದೆ. ಲೆನ್ಸ್ ಕೆಳಮುಖ ಮಾಡಿ ಹಿಡಿಯಿರಿ, ನೀರು ಮುಂಭಾಗದ ಗಾಜಿನಲ್ಲಿ ನಿಂತು ಬ್ಯಾಟರಿ ಕಡೆ ಹೋಗೋದು ಸ್ವಲ್ಪ ತಡವಾಗುತ್ತದೆ. ಮಾಮೂಲಿ ವೇಗದಲ್ಲೇ ಮೇಲೆ ಬನ್ನಿ. ದೋಣಿಯಲ್ಲಿ ಮುಖದಿಂದ ದೂರ ಹಿಡಿದು ತೆಗೆಯಿರಿ, ಉಪ್ಪು ನೀರು ತಾಗಿದ ಲಿಥಿಯಂ ಬ್ಯಾಟರಿಯಿಂದ ಒಳಗೆ ಗ್ಯಾಸ್ ಕಟ್ಟಿರಬಹುದು. ನೀರು ಹೊಕ್ಕ ಟಾರ್ಚ್‌ಗೂ ಇದೇ ಮಾತು. ಬ್ಯಾಟರಿ, ಕಾರ್ಡ್ ತೆಗೆದು ಬೇರೆ ಇಡಿ, ಆನ್ ಮಾಡಿ ನೋಡೋ ಚಪಲ ಬೇಡ. ಉಪ್ಪು ಹೋಗಲಿ ಅಂತ ಕ್ಯಾಮೆರಾವನ್ನು ಸಿಹಿನೀರಲ್ಲಿ ಅದ್ದಿ ತೊಳೆದು ಒಣಗಿಸಿ, ಅಂಗಡಿಗೆ ಒಯ್ಯಿರಿ. ಅಕ್ಕಿ ಡಬ್ಬಿಯಲ್ಲಿ ಹೂತಿಡೋದರಿಂದ ಉಪ್ಪು ಹೋಗುವುದಿಲ್ಲ. ಜೋಳದ ಚೀಲದಲ್ಲೂ ಹೋಗುವುದಿಲ್ಲ, ನಾನು ಇಟ್ಟು ನೋಡಿದ್ದೇನೆ. ಕಾರ್ಡ್ ಮಾತ್ರ ಎಷ್ಟೋ ಸಲ ಬದುಕಿರುತ್ತದೆ, ನನ್ನದೂ ಬದುಕಿತ್ತು, ನೀರು ಏರುತ್ತಾ ಬರೋ ಹನ್ನೊಂದು ಸೆಕೆಂಡ್ ವಿಡಿಯೋ ಇನ್ನೂ ಇದೆ.

ಎರಡು ಡೈವ್‌ಗಳ ನಡುವೆ ದೋಣಿಯಲ್ಲಿ ಹೌಸಿಂಗ್ ತೆಗೆಯದಿದ್ದರೆ ಒಳ್ಳೇದು. ತೆಗೆಯಲೇಬೇಕಾದರೆ ತಲೆಗೆ ಟವೆಲ್ ಸುತ್ತಿ, ಬಗ್ಗಿದಾಗ ಕೂದಲಿಂದ ಹನಿ ಬೀಳೋದು ನೇರ ಒಳಗೇ.

ಡೈವ್ ಆದಮೇಲೆ

ಅಂದೇ ರಾತ್ರಿ ಬೆಳಗಾವಿಗೆ ಗಾಡಿ ತಿರುಗಿಸಬೇಡಿ. ಇದು ಕ್ಯಾಮೆರಾದ ಮಾತಲ್ಲ, ಮೈಯ ಮಾತು. ಡೈವ್ ಮಾಡಿದ ಮೇಲೆ ರಕ್ತದಲ್ಲಿ ಹೆಚ್ಚುವರಿ ನೈಟ್ರೋಜನ್ ಇರುತ್ತದೆ, ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಬಹುದು. ವಿಮಾನ ಹತ್ತೋ ಮುಂಚೆ ಒಂದು ಡೈವ್ ಆದರೆ 12 ತಾಸು, ಹೆಚ್ಚು ಆದರೆ 18 ತಾಸು ಬಿಡಿ ಅನ್ನೋ ಸಲಹೆ ಸುಮಾರು 600 ಮೀಟರ್ ದಾಟಿದ ಎತ್ತರಕ್ಕೂ ಅನ್ವಯ. ಬೆಳಗಾವಿ 750. ಬಾಗಲಕೋಟೆ, ವಿಜಯಪುರ ಅದಕ್ಕಿಂತ ತಗ್ಗು, ಆದರೆ ಹುಬ್ಬಳ್ಳಿ ಮೇಲೆ ಹೋಗುವುದಾದರೆ ಅದೂ 600ರ ಮೇಲೆಯೇ ಇದೆ. ಒಂದು ರಾತ್ರಿ ಮುರ್ಡೇಶ್ವರದಲ್ಲೇ ಇರಿ.

ಆ ಸಂಜೆ ಲಾಡ್ಜಿನ ಬಕೆಟ್‌ನಲ್ಲಿ ಸಿಹಿನೀರು ತುಂಬಿ, ಮುಚ್ಚಿದ ಹೌಸಿಂಗ್, ಲೈಟು ಅರ್ಧ ತಾಸು ನೆನೆಹಾಕಿ. ಬರೀ ನಲ್ಲಿ ಕೆಳಗೆ ಹಿಡಿದರೆ ಸಾಲದು. ನೀರೊಳಗೇ ಪ್ರತಿ ಬಟನ್ ಇಪ್ಪತ್ತು ಸಲ ಒತ್ತಿ, ಸ್ಪ್ರಿಂಗ್ ಸಂದಿಯ ಉಪ್ಪು ಹಾಗೆ ಹೊರಬರುತ್ತದೆ. ಅದು ಒಳಗೇ ಒಣಗಿದರೆ ಮುಂದಿನ ಸಲ ಬಟನ್ ಒತ್ತಿದ್ದು ಮೇಲೆ ಏಳುವುದಿಲ್ಲ. ಪೂರ್ತಿ ಒರೆಸಿದ ಮೇಲೆ ಹೌಸಿಂಗ್ ತೆಗೆಯಿರಿ, ಬಿಸಿಲಿಗೆ ಇಡಬೇಡಿ.

ಮೇ ಮುಗಿಯುತ್ತಿದ್ದಂತೆ ದೋಣಿಗಳು ನಿಲ್ಲುತ್ತವೆ, ನಮ್ಮಲ್ಲಿ ಮಳೆ ಹಿಡಿಯುತ್ತದೆ. ಬೆಳಗಾವಿ ಮಳೆಗೆ ಕಪಾಟಿನ ಚಪ್ಪಲಿಗೂ ಬೂಸು ಬರುತ್ತದೆ, ಲೆನ್ಸ್ ಯಾವ ಲೆಕ್ಕ. ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ತಿರುಗಿದರೆ ಬಿಸಿ ಮಾಡಿ ಮತ್ತೆ ಹಾಕಿ. ಬ್ಯಾಟರಿಗಳನ್ನು ಅರ್ಧ ಚಾರ್ಜ್‌ನಲ್ಲಿ ಟಾರ್ಚ್‌ನಿಂದ ಹೊರಗೆ ಇಡಿ. ಓ-ರಿಂಗ್ ಹೌಸಿಂಗ್‌ನಲ್ಲಿ ಒತ್ತಿಕೊಂಡು ತಿಂಗಳುಗಟ್ಟಲೆ ಕೂತರೆ ಚಪ್ಪಟೆಯಾಗುತ್ತದೆ, ತೆಗೆದು ಒಂದು ಸಣ್ಣ ಜಿಪ್ ಕವರಿನಲ್ಲಿ ಹಾಕಿ, ಮೇಲೆ ದಿನಾಂಕ ಬರೆದು, ಮೈಕ್ರೋಫೈಬರ್ ಬಟ್ಟೆಯನ್ನೂ ಅದೇ ಡಬ್ಬಿಯಲ್ಲಿ ಇಡಿ. ಅಕ್ಟೋಬರ್‌ನಲ್ಲಿ ಹೊರಡೋ ಗಡಿಬಿಡಿಯಲ್ಲಿ ಅವ್ವನನ್ನು ಬಟ್ಟೆ ಕೇಳೋ ಪರಿಸ್ಥಿತಿ ಬರಬಾರದು.